ಯೂರೋಪಿನ ವಿಮಾನಯಾನದಲ್ಲಿ ಭೂಸ್ವರೂಪವೂ ಸಂಪತ್ತೂ

೧

ಪುಷ್ಪಕವಿಮಾನವು ಮೊದಲು ಕುಬೇರನದು. ಅದನ್ನು ರಾವಣನು ಅಪಹರಿಸಿದನು. ರಾವಣವಧೆಯಾದ ಬಳಿಕ ವಿಭೀಷಣನು ಅದನ್ನು ರಾಮನಿಗೆ ಒಪ್ಪಿಸಿದನು. ಹದಿನಾಲ್ಕು ವರ್ಷಗಳ ಅವಧಿಯು ಮುಗಿಯುತ್ತ ಬಂದಿದ್ದಿತು; ಅಯೋಧ್ಯೆಯ ದಾರಿಯು ದೀರ್ಘವೂ ದುರ್ಗಮವೂ ಆಗಿದ್ದಿತು. ವಿಮಾನವು ಧನಾಧಿಪತಿಯ ಸೊತ್ತೆಂಬುದು ಒಂದು ಮಾತು. ನೆಲದ ಮೇಲೆ ಸಕಾಲದಲ್ಲಿ ಕ್ರಮಿಸಲಾಗದ ದಾರಿಯನ್ನು ದಾಟಿಸುವುದು ಅದರ ಪ್ರಯೋಜನವೆಂಬುದು ಮತ್ತೊಂದು ಮಾತು. ಈ ಎರಡೂ ಆ ಪ್ರಾಚೀನ ಕಥೆಯಲ್ಲಿಯೇ ಅಡಗಿವೆ. ಇಪ್ಪತ್ತನೆಯ ಶತಮಾನದಲ್ಲಿ ಯೂರೋಪಿನ ಆಕಾಶವು ಜನಸಂಚಾರಕ್ಕೆ ತೆರೆದುದರ ಚರಿತ್ರೆಯನ್ನು ಪರಿಶೀಲಿಸಿದರೆ, ಸಂಪತ್ತು ಮತ್ತು ಭೂಸ್ವರೂಪ ಎಂಬ ಈ ಎರಡು ಕಾರಣಗಳೇ ಅಲ್ಲಿಯೂ ಕೈಗೂಡಿಸಿ ಕೆಲಸಮಾಡಿರುವುದು ಕಂಡುಬರುತ್ತದೆ. ಇವೆರಡರ ಪರಸ್ಪರ ಸಂಬಂಧವೇನು, ಯಾವುದು ಎಲ್ಲಿ ಪ್ರಧಾನ ಎಂಬುದೇ ಈ ಲೇಖನದ ವಿಚಾರ.

ಸಾಧಾರಣವಾಗಿ ಪ್ರಚಾರದಲ್ಲಿರುವ ಮತವೇನೆಂದರೆ, ವಿಮಾನಯಾನವು ಹಣವಂತರ ವ್ಯವಹಾರ. ಯಾವ ದೇಶದಲ್ಲಿ ತಲಾ ಆದಾಯವು ಹೆಚ್ಚೋ ಆ ದೇಶದವರೇ ಹೆಚ್ಚಾಗಿ ಹಾರುತ್ತಾರೆ ಎಂಬುದು. ಈ ಮತವು ನಿರಾಧಾರವಾದುದೇನೂ ಅಲ್ಲ. ಆದರೆ ಇದೊಂದರಿಂದಲೇ ನಿರ್ವಾಹವಾಗುವುದಿಲ್ಲವೆಂಬುದಕ್ಕೆ ಎರಡು ಚಿಕ್ಕ ದೇಶಗಳ ನಿದರ್ಶನ ಸಾಕು. ಲಕ್ಸೆಂಬರ್ಗ್ ಯೂರೋಪಿನ ಅತ್ಯಂತ ಶ್ರೀಮಂತ ರಾಜ್ಯಗಳಲ್ಲಿ ಒಂದು. ೨೦೧೯ರಲ್ಲಿ ಅದರ ತಲಾ ಉತ್ಪನ್ನವು ಮಾಲ್ಟಾದ್ವೀಪದ ತಲಾ ಉತ್ಪನ್ನದ ಮೂರು ಪಟ್ಟಿಗೂ ಮಿಗಿಲಾಗಿದ್ದಿತು. ಆ ವರ್ಷ ಲಕ್ಸೆಂಬರ್ಗಿನ ವಿಮಾನನಿಲ್ದಾಣದಲ್ಲಿ ಸಂಚರಿಸಿದವರು ಸುಮಾರು ೪೪ ಲಕ್ಷ. ದೇಶದ ಜನಸಂಖ್ಯೆ ಸುಮಾರು ೬ ಲಕ್ಷ. ಮಾಲ್ಟಾದ ನಿಲ್ದಾಣದಲ್ಲಿ ಸಂಚರಿಸಿದವರು ಸುಮಾರು ೭೩ ಲಕ್ಷ. ಜನಸಂಖ್ಯೆ ಸುಮಾರು ೫ ಲಕ್ಷ. ಎಂದರೆ ಶ್ರೀಮಂತ ದೇಶದಲ್ಲಿ ಪ್ರಯಾಣಿಕರ ಸಂಖ್ಯೆಯು ಜನಸಂಖ್ಯೆಯ ಏಳು ಪಟ್ಟು. ಅದಕ್ಕಿಂತ ಬಡವಾದ ದ್ವೀಪದಲ್ಲಿ ಹದಿನಾಲ್ಕು ಪಟ್ಟು.

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಲಕ್ಸೆಂಬರ್ಗಿನವರು ನೆರೆಯ ಫ್ರಾಂಕ್‌ಫರ್ಟಿಗೋ ಬ್ರಸೆಲ್ಸಿಗೋ ಹೋಗಿ ವಿಮಾನವೇರುವುದುಂಟು; ಅವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಮಾಲ್ಟಾದ ಲೆಕ್ಕದಲ್ಲಿಯಾದರೋ ಅನ್ಯದೇಶದ ವಿಹಾರಿಗಳೇ ಬಹುಮಂದಿ. ಇವೆರಡೂ ನಿಜ. ಆದರೆ ಇವು ಮೂಲದ ಮಾತನ್ನು ಖಂಡಿಸುವುದಕ್ಕೆ ಬದಲಾಗಿ ಅದನ್ನೇ ಸ್ಥಾಪಿಸುತ್ತವೆ. ಲಕ್ಸೆಂಬರ್ಗಿನವನು ರೈಲಿನಲ್ಲಿಯೋ ಮೋಟಾರಿನಲ್ಲಿಯೋ ಗಡಿ ದಾಟಬಲ್ಲನು. ಮಾಲ್ಟಾದವನಿಗೆ ಸಿಸಿಲಿಯ ದಡವು ಸುಮಾರು ೯೦ ಕಿಲೋಮೀಟರು ಕಡಲಿನಾಚೆ. ಆ ದ್ವೀಪಕ್ಕೆ ಬರುವ ವಿಹಾರಿಯೂ ಆ ಕಡಲನ್ನೇ ದಾಟಿ ಬರಬೇಕು. ಆಲ್ಪ್ಸ್ ಪರ್ವತಗಳ ನಡುವಣ ಲೀಕ್ಟನ್‌ಸ್ಟೈನ್ ಮಹಾಧನಿಕವಾದ ರಾಜ್ಯವಾದರೂ ಅಲ್ಲಿ ವಿಮಾನನಿಲ್ದಾಣವೇ ಇಲ್ಲವೆಂಬುದನ್ನು ಇದರೊಡನೆ ಸೇರಿಸಿಕೊಂಡರೆ, ಧನವೊಂದೇ ಕಾರಣವಲ್ಲವೆಂಬುದು ಸ್ಪಷ್ಟವಾಗುತ್ತದೆ.

೨

ಇನ್ನು ಚರಿತ್ರೆಯ ಆರಂಭವನ್ನು ನೋಡಬೇಕು. ಮೊದಲನೆಯ ಮಹಾಯುದ್ಧವು ಮುಗಿದಾಗ ಯೂರೋಪಿನಲ್ಲಿ ವಿಮಾನಗಳೂ ವಿಮಾನಚಾಲಕರೂ ಧಾರಾಳವಾಗಿದ್ದರು. ಪ್ರಯಾಣಿಕರು ಮಾತ್ರ ಇರಲಿಲ್ಲ. ೧೯೧೯ನೆಯ ಆಗಸ್ಟ್ ೨೫ರಂದು ಲಂಡನ್ನಿನ ಹೌನ್ಸ್‌ಲೋ ಬಯಲಿನಿಂದ ಪ್ಯಾರಿಸಿನ ಲ ಬೂರ್ಜೆಗೆ ಪ್ರತಿದಿನದ ಅಂತರರಾಷ್ಟ್ರೀಯ ಯಾನವು ಮೊದಲಾಯಿತು. ಆ ದಿನದ ವಿಮಾನದಲ್ಲಿ ಇದ್ದವನು ಒಬ್ಬನೇ ಪ್ರಯಾಣಿಕ, ಒಬ್ಬ ಪತ್ರಿಕಾ ಬಾತ್ಮೀದಾರ. ಜೊತೆಗೆ ಕೆಲವು ವೃತ್ತಪತ್ರಿಕೆಗಳು, ಬೇಟೆಯ ಹಕ್ಕಿಗಳು, ಡೆವನ್ ಪ್ರಾಂತದ ಹಾಲಿನ ಕೆನೆ. ಪ್ರಯಾಣದ ದರ ೨೧ ಪೌಂಡು. ಅದು ಅಂದಿನ ಕೂಲಿಕಾರನಿಗೆ ಹಲವು ವಾರಗಳ ಸಂಪಾದನೆಯಾಗಿದ್ದಿತು. ಆ ಹಕ್ಕಿಯೂ ಆ ಕೆನೆಯೂ ಯಾರ ಊಟದ ಮೇಜಿಗೆ ಹೋಗುವಂಥವೋ ಆ ವರ್ಗದವರೇ ಆ ದರವನ್ನು ಕೊಡಬಲ್ಲವರಾಗಿದ್ದರು.

ಆದರೆ ಲಂಡನ್–ಪ್ಯಾರಿಸ್ ಮಾರ್ಗವೇ ಏಕೆ ಮೊದಲಾಯಿತು? ಎರಡೂ ಧನಿಕ ರಾಜಧಾನಿಗಳೆಂಬುದು ಅರ್ಧ ಉತ್ತರ. ನಡುವೆ ಸುಮಾರು ೩೩ ಕಿಲೋಮೀಟರು ಅಗಲದ ಜಲಸಂಧಿಯಿದ್ದುದು ಉಳಿದರ್ಧ. ಭೂಮಾರ್ಗದ ಪ್ರಯಾಣಿಕನು ರೈಲಿನಿಂದಿಳಿದು ಹಡಗನ್ನೇರಿ, ಹಡಗಿನಿಂದಿಳಿದು ಮತ್ತೆ ರೈಲನ್ನೇರಬೇಕಾಗಿದ್ದಿತು. ವಿಮಾನವು ಆ ಎರಡು ಸಂಧಿಗಳನ್ನೂ ತಪ್ಪಿಸಿ ಎರಡೂವರೆ ಗಂಟೆಗಳಲ್ಲಿ ಮುಟ್ಟಿಸುತ್ತಿದ್ದಿತು. ೧೯೨೦ರ ಮೇ ತಿಂಗಳಲ್ಲಿ ಡಚ್ಚರ ಕೆ. ಎಲ್. ಎಂ. ಸಂಸ್ಥೆಯು ಆರಂಭಿಸಿದ ಮೊದಲ ಯಾನವೂ ಲಂಡನ್–ಆಮ್‌ಸ್ಟರ್‌ಡಾಮ್ ನಡುವಣ ಕಡಲನ್ನು ದಾಟುವುದಾಗಿತ್ತು. ಉತ್ತರದಲ್ಲಿ ೧೯೨೪ರ ಮಾರ್ಚ್ ೨೦ರಂದು ಫಿನ್‌ಲೆಂಡಿನ ಏರೋ ಸಂಸ್ಥೆಯು ತನ್ನ ಮೊದಲ ಯಾನವನ್ನು ಹೆಲ್ಸಿಂಕಿಯಿಂದ ಎಸ್ಟೋನಿಯದ ತಾಲಿನ್ನಿಗೆ ನಡೆಸಿತು. ನಡುವೆ ಸುಮಾರು ೮೦ ಕಿಲೋಮೀಟರು ಅಗಲದ ಕೊಲ್ಲಿ. ಫಿನ್‌ಲೆಂಡು ಆಗ ಧನಿಕ ದೇಶವಲ್ಲ. ಬಯಲು ನಿಲ್ದಾಣಗಳೂ ಇರಲಿಲ್ಲವಾದುದರಿಂದ ವಿಮಾನಗಳಿಗೆ ಬೇಸಗೆಯಲ್ಲಿ ತೇಲುಗಾಲುಗಳನ್ನೂ ಚಳಿಗಾಲದಲ್ಲಿ ಹಿಮಜಾರುಗಳನ್ನೂ ತೊಡಿಸುತ್ತಿದ್ದರು.

ಇದಕ್ಕೆ ಪ್ರತಿಯಾಗಿ ೧೯೧೯ರ ಫೆಬ್ರವರಿ ೫ರಂದು ಆರಂಭವಾದ ಬರ್ಲಿನ್–ವೈಮಾರ್ ಯಾನವನ್ನು ಹೇಳಬಹುದು. ಅಲ್ಲಿ ನಡುವೆ ಕಡಲಿಲ್ಲ. ಆದರೆ ಅದು ಮುಖ್ಯವಾಗಿ ಅಂಚೆಯನ್ನೂ ವೃತ್ತಪತ್ರಿಕೆಗಳನ್ನೂ ಒಯ್ಯುವ ಏರ್ಪಾಡು. ವೈಮಾರಿನಲ್ಲಿ ಜರ್ಮನಿಯ ರಾಷ್ಟ್ರಸಭೆಯು ಸೇರಿದ್ದ ವಿಶೇಷ ಸಂದರ್ಭಕ್ಕಾಗಿ ಹುಟ್ಟಿದುದು. ಸಾಮಾನ್ಯ ಕಾಲದ ಸಾಮಾನ್ಯ ಪ್ರಯಾಣಿಕನನ್ನು ರೈಲಿನಿಂದ ಸೆಳೆಯುವ ಶಕ್ತಿ ವಿಮಾನಕ್ಕೆ ಮೊದಲು ಬಂದುದು ನೀರಿನ ಮೇಲೆಯೇ. ಅಷ್ಟಾದರೂ ಅದು ಸ್ವಂತ ಬಲದಿಂದ ನಿಲ್ಲಲಿಲ್ಲ. ಫ್ರೆಂಚ್ ಸಂಸ್ಥೆಗಳಿಗೆ ಅವರ ಸರ್ಕಾರವು ಸಹಾಯಧನವನ್ನು ಕೊಡುತ್ತಿದ್ದಿತು. ಬ್ರಿಟಿಷ್ ಸಂಸ್ಥೆಗಳಿಗೆ ಅದು ಇರಲಿಲ್ಲವಾಗಿ, ೧೯೨೧ರ ಫೆಬ್ರವರಿಯ ಕೊನೆಯಲ್ಲಿ ಅವರ ಯಾನಗಳೆಲ್ಲ ನಿಂತುಹೋದವು. ಮುಂದಿನ ತಿಂಗಳು ಸರ್ಕಾರವು ಕೈಹಿಡಿದ ಮೇಲೆಯೇ ಪುನಃ ಹೊರಟವು. ಸಂಪತ್ತೂ ಕಡಲೂ ಕೂಡಿದ್ದ ಸ್ಥಳದಲ್ಲಿಯೂ ರಾಜಾಶ್ರಯವು ಬೇಕಾಯಿತೆಂಬ ಈ ಅಂಶವು ಮುಂದಿನ ವಿಚಾರಕ್ಕೆ ಉಪಯುಕ್ತವಾದುದು.

೩

ಕಾರಣವಿದ್ದಲ್ಲಿ ಕಾರ್ಯವುಂಟು, ಕಾರಣವಿಲ್ಲದಲ್ಲಿ ಕಾರ್ಯವಿಲ್ಲ ಎಂದು ಎರಡು ಬಗೆಯಾಗಿ ತೋರಿಸಿದಾಗಲೇ ಕಾರ್ಯಕಾರಣಭಾವವು ಸಿದ್ಧವಾಗುವುದೆಂಬುದು ಶಾಸ್ತ್ರಮರ್ಯಾದೆ. ಭೂಸ್ವರೂಪದ ವಿಷಯದಲ್ಲಿ ಅನ್ವಯಕ್ಕೆ ನಾರ್ವೆಯೂ, ವ್ಯತಿರೇಕಕ್ಕೆ ಫ್ರಾನ್ಸು ಮತ್ತು ಸ್ಪೇಯಿನ್ ದೇಶಗಳೂ ಒಳ್ಳೆಯ ಉದಾಹರಣೆಗಳು.

ನಾರ್ವೆಯು ಉದ್ದವಾದ, ಇಕ್ಕಟ್ಟಾದ, ಬೆಟ್ಟಗಳಿಂದಲೂ ಆಳವಾದ ಕಡಲಚಾಚುಗಳಿಂದಲೂ ಸೀಳಿಹೋದ ನಾಡು. ದ್ವೀಪಗಳನ್ನೂ ಸೇರಿಸಿ ಅದರ ಕರಾವಳಿಯನ್ನು ಅಳೆದರೆ ಒಂದು ಲಕ್ಷ ಕಿಲೋಮೀಟರು ಮೀರುತ್ತದೆ. ರಾಜಧಾನಿಯಾದ ಓಸ್ಲೋವಿನಿಂದ ಉತ್ತರಕ್ಕೆ ಹೊರಟ ರೈಲುದಾರಿಯು ೧೯೬೨ರಲ್ಲಿ ಬೂಡೋ ಎಂಬ ಪಟ್ಟಣವನ್ನು ಮುಟ್ಟಿ ಅಲ್ಲಿಯೇ ನಿಂತಿತು. ಅದಕ್ಕೂ ಉತ್ತರದ ತ್ರೋಮ್ಸೋ ನಗರಕ್ಕೆ ಇಂದಿಗೂ ರೈಲಿಲ್ಲ. ೧೯೬೮ರ ಜುಲೈ ೧ರಂದು ಹೆಲ್ಗೆಲಾಂಡ್ ಮತ್ತು ಅದರ ನೆರೆಯ ತೀರದಲ್ಲಿ ನಾಲ್ಕು ಚಿಕ್ಕ ನಿಲ್ದಾಣಗಳು ತೆರೆದವು. ಓಡುಹಾದಿಯ ಉದ್ದ ೮೦೦ ಮೀಟರು ಮಾತ್ರ. ಅಲ್ಲಿ ಇಳಿಯುತ್ತಿದ್ದುದು ಹತ್ತೊಂಬತ್ತು ಆಸನಗಳ ಟ್ವಿನ್ ಆಟರ್ ವಿಮಾನ. ನಡೆಸುತ್ತಿದ್ದುದು ೧೯೩೪ರಲ್ಲಿ ಸ್ಥಾಪಿತವಾದ ವಿಡೆರೋ ಸಂಸ್ಥೆ. ಮುಂದಿನ ಎರಡು ದಶಕಗಳಲ್ಲಿ ಇಂಥ ನಿಲ್ದಾಣಗಳು ಇಪ್ಪತ್ತಕ್ಕೂ ಮಿಕ್ಕವು. ರೋಗಿಗಳು ಆಸ್ಪತ್ರೆಗೆ, ವಿದ್ಯಾರ್ಥಿಗಳು ವಿದ್ಯಾಪೀಠಕ್ಕೆ, ಅಧಿಕಾರಿಗಳು ಕಚೇರಿಗೆ ಹೋಗುವುದು ಇವುಗಳ ಮೂಲಕವೇ.

ಇಲ್ಲಿ ಕಾಲಕ್ರಮವನ್ನು ಗಮನಿಸಬೇಕು. ನಾರ್ವೆಯನ್ನು ಮಹಾಧನಿಕ ದೇಶವನ್ನಾಗಿ ಮಾಡಿದ ಉತ್ತರಸಮುದ್ರದ ಎಣ್ಣೆಯ ನಿಕ್ಷೇಪವಾದ ಎಕೋಫಿಸ್ಕ್ ದೊರೆತುದು ೧೯೬೯ರಲ್ಲಿ. ಚಿಕ್ಕ ನಿಲ್ದಾಣಗಳ ಜಾಲವು ಅದಕ್ಕಿಂತ ಮೊದಲೇ ಆರಂಭವಾಗಿದ್ದಿತು. ಅಗತ್ಯವು ಮುಂದಾಗಿ ಬಂದಿತು. ಐಶ್ವರ್ಯವು ಹಿಂದಿನಿಂದ ಬಂದು ಆ ಅಗತ್ಯವನ್ನು ಪೂರೈಸುವ ಭಾರವನ್ನು ಹಗುರಮಾಡಿತು, ಮತ್ತು ಅಗತ್ಯದ ಮೇಲೆ ವಿಲಾಸವನ್ನೂ ಕೂಡಿಸಿತು. ೨೦೧೯ರಲ್ಲಿ ನಾರ್ವೆಯ ಸರ್ಕಾರಿ ನಿಲ್ದಾಣಗಳಲ್ಲಿ ಲೆಕ್ಕಕ್ಕೆ ಬಂದ ಪ್ರಯಾಣಿಕರು ೫ ಕೋಟಿಗೂ ಹೆಚ್ಚು. ದೇಶದ ಜನಸಂಖ್ಯೆ ಸುಮಾರು ೫೩ ಲಕ್ಷ. ಒಳದೇಶದ ಪ್ರಯಾಣಿಕನು ಹತ್ತುವಲ್ಲಿ ಒಮ್ಮೆ, ಇಳಿಯುವಲ್ಲಿ ಒಮ್ಮೆ ಎಣಿಕೆಗೆ ಬರುವನೆಂಬುದನ್ನು ಕಳೆದರೂ ಇದು ಅಸಾಧಾರಣವಾದ ಸಂಖ್ಯೆ.

ಇನ್ನು ವ್ಯತಿರೇಕ. ಫ್ರಾನ್ಸಿನ ಪ್ಯಾರಿಸ್–ಲಿಯೋಂ ನಡುವೆ ೧೯೮೧ರ ಸೆಪ್ಟೆಂಬರಿನಲ್ಲಿ ಅತಿವೇಗದ ರೈಲು ಓಡತೊಡಗಿತು. ಎರಡೇ ವರ್ಷಗಳಲ್ಲಿ ಪ್ರಯಾಣದ ಅವಧಿಯು ಎರಡು ಗಂಟೆಗಿಳಿಯಿತು. ಆ ಮಾರ್ಗದ ವಿಮಾನಗಳು ಬಹುಪಾಲು ಪ್ರಯಾಣಿಕರನ್ನು ಕಳೆದುಕೊಂಡವು. ಸ್ಪೇಯಿನಿನ ಮ್ಯಾಡ್ರಿಡ್–ಬಾರ್ಸಿಲೋನ ನಡುವೆ ೧೯೭೪ರಲ್ಲಿ ಆರಂಭವಾದ ‘ಆಕಾಶಸೇತು’ವೆಂಬ ವಿಮಾನಸಂಚಾರವು ಲೋಕದ ಅತ್ಯಂತ ನಿಬಿಡವಾದ ಮಾರ್ಗಗಳಲ್ಲಿ ಒಂದೆನಿಸಿದ್ದಿತು, ೨೦೦೮ರ ಫೆಬ್ರವರಿಯಲ್ಲಿ ಅತಿವೇಗದ ರೈಲು ಆ ದೂರವನ್ನು ಸುಮಾರು ಎರಡೂವರೆ ಗಂಟೆಗೆ ಇಳಿಸಿದ ಬಳಿಕ ರೈಲೇ ಮೇಲಾಯಿತು. ಪ್ಯಾರಿಸ್–ಬ್ರಸೆಲ್ಸ್ ನಡುವೆ ಏರ್ ಫ್ರಾನ್ಸ್ ಸಂಸ್ಥೆಯು ೨೦೦೧ರಲ್ಲಿ ತನ್ನ ವಿಮಾನಗಳನ್ನೇ ನಿಲ್ಲಿಸಿ ಪ್ರಯಾಣಿಕರನ್ನು ರೈಲಿಗೆ ಒಪ್ಪಿಸಿತು. ಈ ಯಾವ ಸ್ಥಳದಲ್ಲಿಯೂ ಜನರ ಸಂಪತ್ತು ಕಡಮೆಯಾಗಲಿಲ್ಲ. ದೂರವು ಕಡಮೆಯಾಯಿತು, ಯಾನವೂ ಕಡಮೆಯಾಯಿತು.

ಎಲ್ಲಕ್ಕಿಂತ ಅರ್ಥವತ್ತಾದುದು ಲಂಡನ್–ಪ್ಯಾರಿಸ್ ಮಾರ್ಗದ ಗತಿ. ೧೯೧೯ರಲ್ಲಿ ವಿಮಾನಕ್ಕೆ ಜನ್ಮಕೊಟ್ಟ ಜಲಸಂಧಿಯ ಕೆಳಗೆ ಸುಮಾರು ೫೦ ಕಿಲೋಮೀಟರು ಉದ್ದದ ಸುರಂಗವು ಸಿದ್ಧವಾಗಿ, ೧೯೯೪ರ ನವೆಂಬರಿನಲ್ಲಿ ಪ್ರಯಾಣಿಕರ ರೈಲು ಅದರೊಳಗೆ ಓಡಿತು. ೨೦೦೭ರಿಂದ ಎರಡು ರಾಜಧಾನಿಗಳ ನಡುವಣ ಅವಧಿಯು ಎರಡೂಕಾಲು ಗಂಟೆಯಾಯಿತು. ಬಹುಪಾಲು ಪ್ರಯಾಣಿಕರು ರೈಲಿಗೆ ತಿರುಗಿದರು. ಕಡಲು ಮುಚ್ಚಿದಂತಾದುದರಿಂದ ಯೂರೋಪಿನ ಅತ್ಯಂತ ಹಳೆಯ ಆಕಾಶಮಾರ್ಗಗಳಲ್ಲೊಂದು ಬಡವಾಯಿತು.

ಭೂಸ್ವರೂಪವೆಂದರೆ ಸೃಷ್ಟಿದತ್ತವಾದುದು ಮಾತ್ರವಲ್ಲ. ರಾಜ್ಯಗಳು ಗೆರೆಯೆಳೆದು ನಿರ್ಮಿಸುವ ದ್ವೀಪಗಳೂ ಉಂಟು. ಎರಡನೆಯ ಮಹಾಯುದ್ಧದ ಬಳಿಕ ಪಶ್ಚಿಮ ಬರ್ಲಿನ್ ನಗರವು ನಾಲ್ಕು ಕಡೆಯೂ ಅನ್ಯಶಾಸನದ ಭೂಮಿಯಿಂದ ಸುತ್ತುವರಿಯಲ್ಪಟ್ಟು ಒಣನೆಲದ ಮೇಲಣ ದ್ವೀಪವಾಯಿತು. ೧೯೪೮ರ ಜೂನ್ ತಿಂಗಳಲ್ಲಿ ಭೂಮಾರ್ಗಗಳು ಮುಚ್ಚಿದಾಗ, ೧೯೪೯ರವರೆಗೆ ಸುಮಾರು ೨೩ ಲಕ್ಷ ಟನ್ನು ಆಹಾರ, ಕಲ್ಲಿದ್ದಲು ಮೊದಲಾದುವು ವಿಮಾನಗಳಲ್ಲಿಯೇ ಬಂದು ಆ ನಗರವನ್ನು ಉಳಿಸಿದವು. ಅನಂತರದ ನಾಲ್ಕು ದಶಕಗಳಲ್ಲಿ ಮೂರು ಇಕ್ಕಟ್ಟಾದ ಆಕಾಶಪಥಗಳ ಮೂಲಕ ಅಮೆರಿಕ, ಬ್ರಿಟನ್, ಫ್ರಾನ್ಸುಗಳ ಸಂಸ್ಥೆಗಳು ಮಾತ್ರ ಅಲ್ಲಿಗೆ ಹಾರಬಹುದಾಗಿದ್ದಿತು. ಪೂರ್ವ ಜರ್ಮನಿಯ ಕಾವಲುಗಳನ್ನು ದಾಟಲು ಅಂಜುವವನಿಗೆ ವಿಮಾನವೇ ಗತಿಯಾಗಿದ್ದಿತು. ಪಶ್ಚಿಮ ಜರ್ಮನಿಯ ಸರ್ಕಾರವು ಆ ದರಗಳಿಗೆ ಸಹಾಯಧನವನ್ನೂ ಕೊಡುತ್ತಿದ್ದಿತು. ೧೯೯೦ರಲ್ಲಿ ದೇಶವು ಒಂದಾಗಲು ಆ ದ್ವೀಪತ್ವವು ಅಳಿಯಿತು.

೪

ಹೀಗೆ ಭೂಸ್ವರೂಪದ ಬಲವು ಸಿದ್ಧವಾದರೂ ಸಂಪತ್ತನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಂಪತ್ತು ಕೆಲಸಮಾಡುವ ರೀತಿಯು ಮೊದಲು ಹೇಳಿದ ಮತದವರು ಭಾವಿಸುವಷ್ಟು ಸರಳವಲ್ಲ. ಯಾರ ಸಂಪತ್ತು, ಯಾವ ದಿಕ್ಕಿಗೆ ಹರಿಯುವ ಸಂಪತ್ತು ಎಂಬುದನ್ನು ವಿವೇಚಿಸಬೇಕಾಗುತ್ತದೆ.

೧೯೫೦ರ ಮೇ ತಿಂಗಳಲ್ಲಿ ವ್ಲಾಡಿಮಿರ್ ರೈಟ್ಸ್ ಎಂಬುವರು ಇಂಗ್ಲೆಂಡಿನ ಗ್ಯಾಟ್‌ವಿಕ್ಕಿನಿಂದ ಕಾರ್ಸಿಕಾ ದ್ವೀಪದ ಕಾಲ್ವಿಗೆ ವಿಹಾರಯಾನವನ್ನು ಏರ್ಪಡಿಸಿದರು. ವಿಮಾನ, ವಸತಿ, ಊಟಗಳೆಲ್ಲ ಸೇರಿ ೩೨ ಪೌಂಡು ೧೦ ಷಿಲ್ಲಿಂಗು. ವಸತಿಯು ಸೈನ್ಯವು ಬಿಟ್ಟ ಡೇರೆಗಳಲ್ಲಿ. ಮಾಂಸಕ್ಕೆ ಪಡಿತರವಿದ್ದ ಇಂಗ್ಲೆಂಡಿನವರಿಗೆ ದಿನಕ್ಕೆ ಎರಡು ಹೊತ್ತು ಮಾಂಸದ ಊಟವೇ ದೊಡ್ಡ ಆಕರ್ಷಣೆ. ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಮಾತ್ರ ಕರೆದೊಯ್ಯತಕ್ಕದ್ದೆಂದು ಸರ್ಕಾರವು ನಿಬಂಧನೆಯನ್ನು ಹಾಕಿದ್ದಿತು. ಯೂರೋಪಿನ ವಿಹಾರಯಾನದ ಮಹಾಪ್ರವಾಹವು ಹೀಗೆ ಉಪಾಧ್ಯಾಯರಿಂದ ಮೊದಲಾಯಿತೆಂಬುದು ಸ್ಮರಣೀಯವಾದ ಸಂಗತಿ.

ಸ್ಪೇಯಿನ್ ದೇಶವು ೧೯೫೯ರಲ್ಲಿ ತನ್ನ ನಾಣ್ಯವಾದ ಪೆಸೆಟಾದ ಬೆಲೆಯನ್ನು ಡಾಲರಿಗೆ ೪೨ರಿಂದ ೬೦ಕ್ಕೆ ಇಳಿಸಿತು. ಹೊರಗಿನವರಿಗೆ ಬಾಗಿಲನ್ನು ಸಡಿಲಿಸಿತು. ೧೯೬೦ರಲ್ಲಿ ಸುಮಾರು ೬೦ ಲಕ್ಷವಿದ್ದ ವಿದೇಶೀಯರ ಆಗಮನವು ೧೯೭೩ರಲ್ಲಿ ೩ ಕೋಟಿ ಮೀರಿತು. ಇವರಲ್ಲಿ ಬಹುಮಂದಿ ಫ್ರಾನ್ಸಿನ ಮೂಲಕ ರಸ್ತೆಯಲ್ಲಿ ಬಂದವರು. ಆದರೆ ಬ್ರಿಟನ್ನಿನಿಂದಲೂ ಸ್ಕಾಂಡಿನೇವಿಯದಿಂದಲೂ ಬಂದವರು, ಅದರಲ್ಲಿಯೂ ಬಾಲಿಯಾರಿಕ್ ದ್ವೀಪಗಳಿಗೆ ಬಂದವರು, ವಿಮಾನವನ್ನೇ ನಂಬಿದರು. ಸುಮಾರು ೯ ಲಕ್ಷ ಜನರಿರುವ ಮಾಯೋರ್ಕಾ ದ್ವೀಪದ ಪಾಲ್ಮಾ ನಿಲ್ದಾಣದಲ್ಲಿ ೨೦೨೪ರಲ್ಲಿ ೩ ಕೋಟಿ ೩೩ ಲಕ್ಷ ಪ್ರಯಾಣಿಕರು ಸಂಚರಿಸಿದರು. ಇದನ್ನು ಮಾಯೋರ್ಕಾದವರ ಶ್ರೀಮಂತಿಕೆಯೆನ್ನಲಾದೀತೆ? ಇದು ಉತ್ತರದ ಚಳಿನಾಡಿನವರ ಧನ, ದಕ್ಷಿಣದ ಬಿಸಿಲು, ನಡುವಣ ದೂರ ಈ ಮೂರರ ಗುಣಾಕಾರ. ಆ ಗುಣಾಕಾರವು ದ್ವೀಪವಾಸಿಗಳಿಗೆ ಸುಖವನ್ನೇ ತಂದಿತೆಂದೂ ಹೇಳುವಂತಿಲ್ಲ. ಮನೆಬಾಡಿಗೆಯ ಏರಿಕೆಯನ್ನೂ ಜನಸಂದಣಿಯನ್ನೂ ವಿರೋಧಿಸಿ ೨೦೨೪ರಲ್ಲಿ ಪಾಲ್ಮಾದ ಬೀದಿಗಳಲ್ಲಿ ಸಾವಿರಾರು ಮಂದಿ ಮೆರವಣಿಗೆ ನಡೆಸಿದರು.

ಗ್ರೀಸಿನ ಅನುಭವವು ಇದನ್ನು ದೃಢಪಡಿಸುತ್ತದೆ. ೨೦೦೮ರಿಂದ ೨೦೧೩ರವರೆಗೆ ಆ ದೇಶದ ಉತ್ಪನ್ನವು ಕಾಲುಭಾಗದಷ್ಟು ಕುಸಿಯಿತು. ಆದರೂ ವಿದೇಶೀಯರ ಆಗಮನವು ೨೦೧೩ರಲ್ಲಿ ಸುಮಾರು ೧ ಕೋಟಿ ೮೦ ಲಕ್ಷವಿದ್ದುದು ೨೦೧೯ರಲ್ಲಿ ೩ ಕೋಟಿ ೧೦ ಲಕ್ಷ ಮೀರಿತು. ಮನೆಯವನು ಬಡವಾದರೂ ಅತಿಥಿಯು ಬಡವಾಗಿರಲಿಲ್ಲ. ನಿಲ್ದಾಣದ ಲೆಕ್ಕವು ನಿಲ್ದಾಣವಿರುವ ಊರಿನ ಆದಾಯವನ್ನು ತೋರಿಸುವುದಿಲ್ಲ. ಎರಡು ಊರುಗಳ ನಡುವಣ ಸಂಬಂಧವನ್ನು ತೋರಿಸುತ್ತದೆ.

೫

ಮೂರನೆಯದಾದ ಕಾರಣವು ರಾಜಶಾಸನ. ಯುದ್ಧಾನಂತರದ ಯೂರೋಪಿನಲ್ಲಿ ಯಾವ ಸಂಸ್ಥೆಯು ಎಲ್ಲಿಂದ ಎಲ್ಲಿಗೆ ಯಾವ ದರದಲ್ಲಿ ಹಾರಬೇಕೆಂಬುದನ್ನು ಸರ್ಕಾರಗಳು ಪರಸ್ಪರ ಒಪ್ಪಂದಗಳಿಂದ ನಿಶ್ಚಯಿಸುತ್ತಿದ್ದವು. ಆಗ ಸಂಪತ್ತೂ ಕಡಲೂ ಇದ್ದರೂ ದರವೆಂಬ ಬಾಗಿಲು ಮುಚ್ಚಿದ್ದಿತು. ಇದಕ್ಕೆ ಐರ್ಲೆಂಡು ನಿದರ್ಶನ. ಡಬ್ಲಿನ್–ಲಂಡನ್ ನಡುವೆ ಕಡಲುಂಟು. ಹಡಗು ರೈಲುಗಳ ಮಾರ್ಗವು ಒಂದು ರಾತ್ರಿಯ ಶ್ರಮ. ಹೊಟ್ಟೆಪಾಡಿಗಾಗಿ ಇಂಗ್ಲೆಂಡಿಗೆ ಹೋದ ಐರಿಷ್ ಜನರು ಲಕ್ಷಗಟ್ಟಲೆ. ಅಗತ್ಯಕ್ಕೆ ಕೊರತೆಯಿರಲಿಲ್ಲ. ಆದರೆ ೧೯೮೦ರ ದಶಕದ ಮಧ್ಯದಲ್ಲಿ ಆ ದೇಶದಲ್ಲಿ ದುಡಿಯುವವರ ಪೈಕಿ ಆರರಲ್ಲೊಬ್ಬರು ನಿರುದ್ಯೋಗಿಗಳಾಗಿದ್ದರು; ವಿಮಾನದ ದರವು ಹೋಗಿಬರುವುದಕ್ಕೆ ೨೦೦ ಪೌಂಡು ಮೀರಿದ್ದಿತು. ಒಪ್ಪಿಗೆಯ ದರಕ್ಕಿಂತ ಅಗ್ಗವಾಗಿ ಚೀಟಿ ಮಾರುವವರನ್ನು ದಂಡಿಸಲು ೧೯೮೪ರಲ್ಲಿ ಸರ್ಕಾರವು ಒಂದು ಮಸೂದೆಯನ್ನೇ ತಂದಿದ್ದಿತು. ಪ್ರತಿಭಟನೆಯೆದ್ದು ಅದು ಹಾಗೆಯೇ ಉಳಿಯಿತು. ೧೯೮೬ರಲ್ಲಿ ರಯನೇರ್ ಸಂಸ್ಥೆಗೆ ಡಬ್ಲಿನ್ನಿನಿಂದ ಲಂಡನ್ನಿನ ಬಳಿಯ ಲೂಟನ್ನಿಗೆ ಹಾರಲು ಅನುಮತಿ ದೊರೆತು, ದರವು ೯೯ ಪೌಂಡಿಗಿಳಿಯಿತು. ಕೆಲವೇ ವರ್ಷಗಳಲ್ಲಿ ಆ ಮಾರ್ಗದ ಪ್ರಯಾಣಿಕರು ಇಮ್ಮಡಿಯಾದರು. ಅಷ್ಟರಲ್ಲಿ ಐರಿಷರು ಇಮ್ಮಡಿ ಶ್ರೀಮಂತರಾಗಿರಲಿಲ್ಲ. ಸಂಪತ್ತೆಂಬುದು ಕೈಯಲ್ಲಿರುವ ಹಣವಷ್ಟೇ ಅಲ್ಲ. ಹಣಕ್ಕೂ ದರಕ್ಕೂ ಇರುವ ಪ್ರಮಾಣ. ಕೈಯ ಹಣವು ಹೆಚ್ಚದೆ ದರವು ಇಳಿದರೂ ಬಡವನು ಆ ವ್ಯವಹಾರದ ಮಟ್ಟಿಗೆ ಧನಿಕನಾಗುತ್ತಾನೆ.

೧೯೮೭, ೧೯೯೦, ೧೯೯೨ ಈ ಮೂರು ಬಾರಿ ಯೂರೋಪಿನ ಒಕ್ಕೂಟವು ನಿಯಮಗಳನ್ನು ಸಡಿಲಿಸಿ, ೧೯೯೭ರ ಏಪ್ರಿಲಿನಿಂದ ಒಕ್ಕೂಟದ ಯಾವ ಸಂಸ್ಥೆಯಾದರೂ ಒಕ್ಕೂಟದ ಯಾವ ದೇಶದೊಳಗಾದರೂ ಹಾರಬಹುದೆಂದು ಮಾಡಿತು. ೨೦೦೪ರ ಮೇ ೧ರಂದು ಹತ್ತು ದೇಶಗಳು ಒಕ್ಕೂಟಕ್ಕೆ ಸೇರಿದವು. ಅದೇ ತಿಂಗಳ ೧೯ರಂದು ವಿಜ್ ಏರ್ ಸಂಸ್ಥೆಯ ಮೊದಲ ವಿಮಾನವು ಪೋಲೆಂಡಿನ ಕಾಟೊವಿಟ್ಸೆಯಿಂದ ಲೂಟನ್ನಿಗೆ ಹಾರಿತು. ಬ್ರಿಟನ್, ಐರ್ಲೆಂಡ್, ಸ್ವೀಡನ್‌ಗಳು ಹೊಸಬರಿಗೆ ಕೂಡಲೇ ಉದ್ಯೋಗದ ಬಾಗಿಲನ್ನು ತೆರೆದಿದ್ದವು. ಅದರಲ್ಲಿ ಕುಳಿತವನು ವಿಹಾರಿಯಲ್ಲ. ಬಡಗಿ, ಗಾರೆಯವನು, ದಾದಿ. ಹಿಂದೆ ದಿನವಿಡೀ ಬಸ್ಸಿನಲ್ಲಿ ಕುಳಿತು ಹೋಗುತ್ತಿದ್ದ ದಾರಿಯನ್ನು ಅವನು ಎರಡು ಮೂರು ಗಂಟೆಗಳಲ್ಲಿ ಕ್ರಮಿಸಿದನು. ಇಲ್ಲಿ ಯಾನಕ್ಕೆ ಕಾರಣವಾದುದು ಸಂಪತ್ತಲ್ಲ, ಸಂಪತ್ತಿನ ವೈಷಮ್ಯ. ನೀರು ಹರಿಯುವುದಕ್ಕೆ ಎರಡು ಕೆರೆಗಳ ಮಟ್ಟದಲ್ಲಿ ಹೆಚ್ಚುಕಡಮೆಯಿರಬೇಕು. ಧನಿಕನು ಬಿಸಿಲನ್ನರಸಿ ದಕ್ಷಿಣಕ್ಕೂ ಬಡವನು ಕೂಲಿಯನ್ನರಸಿ ಪಶ್ಚಿಮಕ್ಕೂ ಹಾರಿದುದು ಇದರಿಂದಲೇ.

೬

ಇಷ್ಟರವರೆಗೆ ಹೇಳಿದ ಸಿದ್ಧಾಂತವನ್ನು ಪರೀಕ್ಷಿಸಲು ವಿಧಿಯೇ ಮೂರು ಸಂದರ್ಭಗಳನ್ನು ಒದಗಿಸಿತು. ೨೦೧೦ರ ಏಪ್ರಿಲಿನಲ್ಲಿ ಐಸ್‌ಲೆಂಡಿನ ಏಯಾಫ್ಯಾಟ್ಲಾಯೋಕುಟ್ಲ್ ಎಂಬ ಹಿಮಾವೃತವಾದ ಜ್ವಾಲಾಮುಖಿಯು ಸಿಡಿದು, ಅದರ ಬೂದಿಯು ಯೂರೋಪಿನ ಆಕಾಶವನ್ನು ಸುಮಾರು ಆರು ದಿನ ಮುಚ್ಚಿತು. ಸುಮಾರು ಒಂದು ಲಕ್ಷ ಯಾನಗಳು ನಿಂತವು. ಸುಮಾರು ಒಂದು ಕೋಟಿ ಜನರಿಗೆ ತೊಂದರೆಯಾಯಿತು. ಒಳನಾಡಿನಲ್ಲಿ ಸಿಕ್ಕಿಬಿದ್ದವರು ರೈಲು, ಬಸ್ಸು, ಬಾಡಿಗೆಯ ಮೋಟಾರುಗಳಲ್ಲಿ ಹೇಗೋ ಮನೆ ಸೇರಿದರು. ದ್ವೀಪದವರಾದ ಬ್ರಿಟಿಷರನ್ನು ಕರೆತರಲು ಸ್ಪೇಯಿನಿನ ಸಾಂತಾಂದೇರ್ ಬಂದರಿಗೆ ಯುದ್ಧನೌಕೆಯೇ ಹೋಗಬೇಕಾಯಿತು. ವಿಮಾನವು ಯಾರಿಗೆ ಅನುಕೂಲ, ಯಾರಿಗೆ ಅನಿವಾರ್ಯ ಎಂಬುದು ಆ ವಾರದಲ್ಲಿ ಬಯಲಾಯಿತು.

೨೦೨೦ರ ಮಹಾಮಾರಿಯಲ್ಲಿ ಯೂರೋಪಿನ ನಿಲ್ದಾಣಗಳು ತ಼ಮ್ಮ ಪ್ರಯಾಣಿಕರಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಕಳೆದುಕೊಂಡವು. ಆದರೆ ನಾರ್ವೆಯ ವಿದೇಶಯಾನವು ಕುಸಿದಷ್ಟು ಒಳದೇಶದ ಯಾನವು ಕುಸಿಯಲಿಲ್ಲ. ಸರ್ಕಾರವು ತಾನೇ ಹಣಕೊಟ್ಟು ಮುಖ್ಯವಾದ ಮಾರ್ಗಗಳನ್ನು ಉಳಿಸಿತು. ವಿಲಾಸವು ಉದುರಿತು, ಅಗತ್ಯವು ಉಳಿಯಿತು. ೨೦೨೨ರ ಫೆಬ್ರವರಿಯಲ್ಲಿ ರಷ್ಯದ ಆಕಾಶವು ಮುಚ್ಚಿದಾಗ, ಏಷ್ಯಕ್ಕೆ ಹತ್ತಿರವೆಂಬ ತನ್ನ ಸ್ಥಾನಬಲವನ್ನೇ ಬಂಡವಾಳಮಾಡಿಕೊಂಡಿದ್ದ ಫಿನ್‌ಲೆಂಡಿನಿಂದ ಟೋಕಿಯೋವಿಗೆ ಹೋಗುವ ಯಾನವು ಸುಮಾರು ಒಂಬತ್ತೂವರೆ ಗಂಟೆಯಿಂದ ಹದಿಮೂರು ಗಂಟೆಗೆ ಏರಿತು. ಭೂಮಿಯು ಸರಿಯದಿದ್ದರೂ ದೂರವು ಬದಲಾಯಿತು.

೭

ಈ ವಿಚಾರವು ಕೇವಲ ಕುತೂಹಲಕ್ಕಾಗಿ ಮಾಡಿದುದಲ್ಲ. ವಿಮಾನಗಳ ಹೊಗೆಯಿಂದ ಭೂಮಿಯ ಶಾಖವು ಹೆಚ್ಚುತ್ತಿದೆಯೆಂಬುದು ಸಿದ್ಧವಾದ ಮೇಲೆ ಯೂರೋಪಿನ ರಾಜ್ಯಗಳು ಯಾನವನ್ನು ಮಿತಿಗೊಳಿಸುವ ಉಪಾಯಗಳನ್ನು ಹುಡುಕಿದವು. ಸ್ವೀಡನ್ ೨೦೧೮ರಲ್ಲಿ ಪ್ರತಿ ಪ್ರಯಾಣಿಕನ ಮೇಲೆ ತೆರಿಗೆಯನ್ನು ಹಾಕಿತು. ‘ಹಾರಲು ನಾಚಿಕೆ’ ಎಂಬರ್ಥದ ಫ್ಲೈಗ್‌ಸ್ಕಾಮ್ ಎಂಬ ಮಾತು ಆ ಭಾಷೆಯಿಂದಲೇ ಹೊರಬಂದು ಲೋಕಪ್ರಸಿದ್ಧವಾಯಿತು. ೨೦೨೫ರ ಜುಲೈಯಲ್ಲಿ ಆ ತೆರಿಗೆಯನ್ನು ತೆಗೆದುಹಾಕಲಾಯಿತು. ಫ್ರಾನ್ಸು ೨೦೨೧ರ ಶಾಸನದಿಂದ, ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಮುಟ್ಟಬಹುದಾದ ಊರುಗಳಿಗೆ ವಿಮಾನವನ್ನು ನಿಷೇಧಿಸಿತು. ೨೦೨೩ರ ಮೇ ತಿಂಗಳಲ್ಲಿ ಅದು ಜಾರಿಗೆ ಬಂದಾಗ ನಿಂತವು ಪ್ಯಾರಿಸಿನ ಓರ್ಲಿ ನಿಲ್ದಾಣದಿಂದ ಬೋರ್ಡೋ, ನಾಂತ್, ಲಿಯೋಂಗಳಿಗೆ ಹೋಗುವ ಮೂರೇ ಮಾರ್ಗಗಳು.

ಇಲ್ಲಿ ಪೂರ್ವಪಕ್ಷವು ಹೀಗೆ: ಹೊಗೆಯು ಎಲ್ಲಿಂದ ಬಂದರೂ ಹೊಗೆಯೇ, ಮಾಯೋರ್ಕಾದ ವಿಹಾರಿಯದಾದರೇನು, ತ್ರೋಮ್ಸೋವಿನ ರೋಗಿಯದಾದರೇನು, ತೆರಿಗೆಯು ಸಮವಾಗಿರಬೇಕು. ಭೌತಶಾಸ್ತ್ರದ ದೃಷ್ಟಿಯಿಂದ ಈ ಮಾತು ಸರಿ. ಧರ್ಮದ ದೃಷ್ಟಿಯಿಂದ ಸಾಲದು. ಬೇರೆ ದಾರಿಯುಳ್ಳವನನ್ನೂ ಬೇರೆ ದಾರಿಯಿಲ್ಲದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಮತೆಯಲ್ಲ. ಬ್ರಿಟನ್ನಿನಲ್ಲಿ ೨೦೧೪ರಲ್ಲಿ ನಡೆದ ಸರ್ಕಾರಿ ಸಮೀಕ್ಷೆಯ ಪ್ರಕಾರ ನೂರಕ್ಕೆ ಹದಿನೈದು ಮಂದಿ ನೂರಕ್ಕೆ ಎಪ್ಪತ್ತರಷ್ಟು ಯಾನಗಳನ್ನು ಮಾಡುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಜನರು ಆ ವರ್ಷ ಒಮ್ಮೆಯೂ ಹಾರಿರಲಿಲ್ಲ. ಆ ಹದಿನೈದು ಮಂದಿಗೆ ಚೀಟಿಯ ಮೇಲಣ ತೆರಿಗೆಯು ಹಗುರ. ದ್ವೀಪದ ಬಡವನಿಗೆ ಅದೇ ಭಾರ.

ಈ ಭೇದವನ್ನು ರಾಜ್ಯಗಳು ಸ್ವಲ್ಪಮಟ್ಟಿಗೆ ಅರಿತೇ ಇವೆ. ೧೯೯೨ರ ನಿಯಮದಲ್ಲಿಯೇ ದೂರದ ಪ್ರಾಂತಗಳ ಮಾರ್ಗಗಳನ್ನು ಸಾರ್ವಜನಿಕ ಕರ್ತವ್ಯವೆಂದು ನಡೆಸಲು ಅವಕಾಶವಿಟ್ಟಿದ್ದರು. ಸ್ಕಾಟ್ಲೆಂಡು ೨೦೦೬ರಿಂದ ತನ್ನ ದ್ವೀಪವಾಸಿಗಳಿಗೆ ದರದಲ್ಲಿ ರಿಯಾಯಿತಿ ಕೊಟ್ಟಿತು. ಸ್ಪೇಯಿನ್ ೨೦೧೮ರಲ್ಲಿ ತನ್ನ ದ್ವೀಪವಾಸಿಗಳಿಗೆ ಅದನ್ನು ನೂರಕ್ಕೆ ಎಪ್ಪತ್ತೈದಕ್ಕೆ ಏರಿಸಿತು. ಸ್ಕಾಟ್ಲೆಂಡಿನ ಉತ್ತರದ ಓರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ೧೯೬೭ರಿಂದ ಒಂದು ಯಾನವುಂಟು. ದೂರವು ಮೂರು ಕಿಲೋಮೀಟರಿಗೂ ಕಡಮೆ, ಅವಧಿಯು ಎರಡು ನಿಮಿಷ. ನಿಗದಿಯಾದ ಯಾನಗಳಲ್ಲಿ ಲೋಕದಲ್ಲಿಯೇ ಇದು ಅತ್ಯಂತ ಚಿಕ್ಕದು. ಫ್ರಾನ್ಸಿನ ಬಯಲಿನಲ್ಲಿ ಇದು ಹುಚ್ಚಾಟವೆನಿಸುತ್ತಿದ್ದಿತು. ಓರ್ಕ್ನಿಯಲ್ಲಿ ಅದರಲ್ಲಿ ಕುಳಿತು ಹೋಗುವವರು ದ್ವೀಪದಿಂದ ದ್ವೀಪಕ್ಕೆ ಪಾಠಹೇಳಲು ಹೋಗುವ ಉಪಾಧ್ಯಾಯರು, ರೋಗಿಗಳನ್ನು ನೋಡಲು ಹೋಗುವ ವೈದ್ಯರು. ಯಾನವು ಚಿಕ್ಕದೋ ದೊಡ್ಡದೋ ಎಂಬುದರಿಂದ ಅದು ವಿಲಾಸವೋ ಅಗತ್ಯವೋ ಎಂಬುದು ತಿಳಿಯುವುದಿಲ್ಲ; ಅದಿಲ್ಲದಿದ್ದರೆ ಉಳಿಯುವ ದಾರಿ ಯಾವುದು ಎಂಬುದರಿಂದ ತಿಳಿಯುತ್ತದೆ.

ಆದುದರಿಂದ ಸಿದ್ಧಾಂತವಿಷ್ಟು. ಯೂರೋಪಿನ ವಿಮಾನಯಾನದಲ್ಲಿ ಭೂಸ್ವರೂಪವು ಅಗತ್ಯವನ್ನು ಹುಟ್ಟಿಸಿತು. ಸಂಪತ್ತು, ಅದಕ್ಕಿಂತ ಹೆಚ್ಚಾಗಿ ಸಂಪತ್ತಿನ ಏರುತಗ್ಗು, ಶಕ್ತಿಯನ್ನು ಕೊಟ್ಟಿತು. ರಾಜಶಾಸನವು ಬಾಗಿಲನ್ನು ತೆರೆಯಿತು ಅಥವಾ ಮುಚ್ಚಿತು. ಸುರಂಗವೂ ಅತಿವೇಗದ ರೈಲೂ ಬಂದೆಡೆ ಅಗತ್ಯವು ತಗ್ಗಿತು. ಅವು ಬರಲಾಗದ ದ್ವೀಪಗಳಲ್ಲಿಯೂ ಉತ್ತರದ ತೀರಗಳಲ್ಲಿಯೂ ಅದು ಉಳಿದೇ ಇದೆ. ಮಿತಿಯನ್ನು ಹೇರುವ ಶಾಸನವು ಮೊದಲು ಈ ವಿಭಾಗವನ್ನು ಮಾಡಬೇಕು. ಅಯೋಧ್ಯೆಯನ್ನು ಸೇರಿದ ಬಳಿಕ ರಾಮನು ಪುಷ್ಪಕವನ್ನು ತನ್ನ ಬಳಿ ಇಟ್ಟುಕೊಳ್ಳಲಿಲ್ಲ. ಕುಬೇರನಲ್ಲಿಗೇ ಹಿಂದಿರುಗಿಸಿ ಕಳುಹಿಸಿದನು.